ಮೊದಲ ಮುಟ್ಟಿಗೆ ಮುಂಚೆಯೇ ಬೇಕು ತಿಳಿವಳಿಕೆ

ಹುಡುಗಿ ಮೈನೆರೆದರೆ ಊರಿಗೆಲ್ಲ ತಿಳಿಯುತ್ತದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಮುತ್ತೈದೆಯರು ಆರತಿ ಎತ್ತುತ್ತಾರೆ, ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ. ಆದರೆ ರಕ್ತ ಎಲ್ಲಿಂದ ಬಂತು, ಯಾಕೆ ಬಂತು, ಬಟ್ಟೆಯನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು ಎಂಬುದನ್ನು ಎಷ್ಟೋ ಮನೆಗಳಲ್ಲಿ ಯಾರೂ ಅವಳನ್ನು ಕೂರಿಸಿಕೊಂಡು ಹೇಳುವುದಿಲ್ಲ. ಹೇಳುವುದೆಲ್ಲ ಬೇಡಗಳೇ: ದೇವರ ಕೋಣೆಗೆ ಹೋಗಬೇಡ, ಉಪ್ಪಿನಕಾಯಿ ಜಾಡಿ ಮುಟ್ಟಬೇಡ, ಅಣ್ಣನ ಎದುರು ಆ ಮಾತೆತ್ತಬೇಡ.

ಬದಲಾವಣೆ ಆಗಿಲ್ಲವೆಂದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದವರಲ್ಲಿ ನೈರ್ಮಲ್ಯದ ಸಾಧನ ಬಳಸುವವರು 2015–16ರಲ್ಲಿ ಶೇ 57.6ರಷ್ಟಿದ್ದರೆ, 2019–21ರಲ್ಲಿ ಶೇ 77.3ಕ್ಕೆ ಏರಿದ್ದಾರೆ. ಆದರೆ ಅರ್ಧದಷ್ಟು ಮಂದಿ ಆಗಲೂ ಬಟ್ಟೆಯನ್ನು ಬಳಸುತ್ತಿದ್ದರೆಂದೂ ಅದೇ ಸಮೀಕ್ಷೆ ಹೇಳುತ್ತದೆ. ಎರಡನ್ನೂ ಬಳಸುವವರು ಇದರಲ್ಲಿದ್ದಾರೆ. ಬಟ್ಟೆಯನ್ನು ದೂರಿ ಫಲವಿಲ್ಲ. ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿದ ಹತ್ತಿಬಟ್ಟೆಯಿಂದ ಯಾವ ಕೇಡೂ ಇಲ್ಲ. ಕೇಡಿರುವುದು ಅದನ್ನು ಯಾರಿಗೂ ಕಾಣದಂತೆ ಬಚ್ಚಲ ಮೂಲೆಯಲ್ಲೋ ಸೀರೆಯ ಅಡಿಯಲ್ಲೋ ಅರೆಬರೆ ಒಣಗಿಸಿ, ತೇವ ಆರುವ ಮೊದಲೇ ಮತ್ತೆ ಬಳಸುವುದರಲ್ಲಿ. ಪ್ಯಾಡಿನ ಕತೆಯೂ ಅಷ್ಟೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಅದನ್ನು ಬದಲಿಸಬೇಕು. ಬೆಳಿಗ್ಗೆ ಬಸ್ಸು ಹಿಡಿದು ಸಂಜೆ ಮನೆ ಸೇರುವ ಹುಡುಗಿ, ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ ಎಂದಾದರೆ ಇಡೀ ದಿನ ಒಂದರಲ್ಲೇ ಕಳೆಯುತ್ತಾಳೆ. ತುರಿಕೆ, ಸೋಂಕು ಶುರುವಾದರೂ ನಾಚಿಕೆಯಿಂದ ಬಾಯಿಬಿಡುವುದಿಲ್ಲ. ಸಮೀಕ್ಷೆಯ ಲೆಕ್ಕದಲ್ಲಿ ಮಾತ್ರ ಅವಳು ನೈರ್ಮಲ್ಯ ಪಾಲಿಸುವವಳು.

ಹದಿಹರೆಯದ ಹುಡುಗಿಯರಿಗೆ ಉಚಿತವಾಗಿ ಪ್ಯಾಡು ಕೊಡುವ ನಮ್ಮ ರಾಜ್ಯದ ‘ಶುಚಿ’ ಯೋಜನೆ 2013–14ರಲ್ಲಿ ಆರಂಭವಾಯಿತು. ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಚಾಲೂ ಆದದ್ದು 2024ರಲ್ಲಿ. ಆ ನಡುವೆ ಮೈನೆರೆದ ಬಡವರ ಮನೆಯ ಹುಡುಗಿಯರನ್ನು ಯೋಜನೆ ಕೈಬಿಟ್ಟಿತು; ಇದು ಸಣ್ಣ ಲೋಪವಲ್ಲ. ಪ್ಯಾಡು ಪ್ರತಿ ತಿಂಗಳೂ ಸಿಗಬೇಕು. ಅದರ ಜತೆಗೇ ಮಾತೂ ಸಿಗಬೇಕು. ಹದಿಹರೆಯದ ಪಾಠ ವಿಜ್ಞಾನ ಪುಸ್ತಕದಲ್ಲಿ ಬರುವುದು ಎಂಟನೇ ತರಗತಿಗೆ. ಅಷ್ಟರಲ್ಲಿ ಎಷ್ಟೋ ಮಕ್ಕಳು ಮುಟ್ಟಾಗಿ ಒಂದೆರಡು ವರ್ಷವೇ ಆಗಿರುತ್ತದೆ.

ತಿಳಿವಳಿಕೆ ಇಲ್ಲದೆಡೆ ಕಾನೂನೂ ಸೋಲುತ್ತದೆ. ಮುಟ್ಟಾದವರನ್ನು, ಬಾಣಂತಿಯರನ್ನು ಒತ್ತಾಯದಿಂದ ಊರ ಹೊರಗಿಡುವುದನ್ನು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದಿದೆ. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿರಿಸಿದ್ದ ಬಾಣಂತಿಯ ಹಸುಗೂಸು ಪ್ರಾಣಬಿಟ್ಟಿತು. ಅಂಥ ಕಟ್ಟುಪಾಡಿನಲ್ಲಿ ಬೆಳೆಯುವ ಹುಡುಗಿಗೆ ತನ್ನ ಮೈಯೇ ಮೈಲಿಗೆ ಎನ್ನುವುದು ಮೊದಲ ಪಾಠವಾಗುತ್ತದೆ.

ಆದ್ದರಿಂದ ಮುಟ್ಟಿನ ಪಾಠ ಐದು, ಆರನೇ ತರಗತಿಗೇ ಬರಲಿ. ಹುಡುಗರೂ ಕೂತು ಕೇಳಲಿ; ಶಿಕ್ಷಕಿಯರಿಲ್ಲದ ಶಾಲೆಗೆ ಆಶಾ ಕಾರ್ಯಕರ್ತೆಯೋ ಆರೋಗ್ಯ ಕೇಂದ್ರದ ನರ್ಸೋ ಬಂದು ಹೇಳಲಿ. ನಿಮ್ಮ ಊರಿನ ಶಾಲೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ನಡೆದಾಗ ಹೆಣ್ಣುಮಕ್ಕಳ ಶೌಚಾಲಯವನ್ನು ತೆಗೆಸಿ ನೋಡಿ. ಚಿಲಕ, ನಲ್ಲಿಯಲ್ಲಿ ನೀರು, ಮುಚ್ಚಳವಿರುವ ಕಸದ ಬುಟ್ಟಿ ಇವೆಯೇ ಎಂದು ಕೇಳಿ. ಇಲ್ಲವಾದರೆ ಅವು ಬರುವವರೆಗೂ ಪ್ರತಿ ಸಭೆಯಲ್ಲೂ ಕೇಳುತ್ತಿರಿ.