ಬ್ರೇಕು ಮಿಡಿದರೆ ಖರ್ಚು ಯಾರದು?

ಟೇಬಲ್ ಒರೆಸುವ ಹುಡುಗನಾಗಿ ಮುಂಬಯಿಗೆ ಬಂದ ನಾನು, ಸಂಘದ ಕೆಲಸಕ್ಕೆ ಇಳಿಯುವ ಮೊದಲು ಎರಡು ವರ್ಷ ಮಾಟುಂಗಾದ ಹೋಟೆಲೊಂದರಿಂದ ಬೈಕಿನಲ್ಲಿ ಪಾರ್ಸೆಲು ಹಂಚಿದವನು. ಪೆಟ್ರೋಲು ಮಾಲಕರದು, ಗಾಡಿಯೂ ರಿಪೇರಿಯೂ ನನ್ನದು.

ಒಂದು ಮಳೆಗಾಲ, ಮುಂದಿನ ಬ್ರೇಕು ಹಿಡಿದಾಗಲೆಲ್ಲ ಲಿವರು ಬೆರಳಿಗೆ ನಾಡಿಯಂತೆ ಮಿಡಿಯತೊಡಗಿತು. ಮಿಸ್ತ್ರಿ ಹೊಸ ಪ್ಯಾಡು ಹಾಕಿದ. ವಾರದೊಳಗೆ ಮತ್ತದೇ ಮಿಡಿತ. ಇನ್ನೊಮ್ಮೆ ಪ್ಯಾಡು ಹಾಕಿಸಿದೆ. ಎರಡು ದಿನದ ಪಗಾರ ಹೋಯಿತೇ ಹೊರತು ದೋಷ ಹೋಗಲಿಲ್ಲ. ಕೊನೆಗೆ ಸಾಯನ್ ಬಳಿ ಒದ್ದೆ ರಸ್ತೆಯಲ್ಲಿ ಜಾರಿಬಿದ್ದೆ. ಚೆಲ್ಲಿದ ಊಟದ ಹಣವನ್ನೂ ನನ್ನ ಪಗಾರದಲ್ಲೇ ಮುರಿದುಕೊಂಡರು.

ಆಮೇಲೆ ಹಿರಿಯ ಮಿಸ್ತ್ರಿಯೊಬ್ಬರು ಚಕ್ರವನ್ನೆತ್ತಿ ತಿರುಗಿಸಿ ತೋರಿಸಿದರು. ತಪ್ಪು ಪ್ಯಾಡಿನದಲ್ಲ, ಡಿಸ್ಕಿನದು. ಡಿಸ್ಕು ಬಾಗಿದರೆ, ಒಂದೆಡೆ ಹೆಚ್ಚು ಸವೆದರೆ, ಬೋಲ್ಟು ಸಡಿಲವಾದರೆ, ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕು ಸೇರಿದರೆ ಹೀಗಾಗುತ್ತದೆ. ಮೊದಲು ತುಕ್ಕು ತೆಗೆದು ಬೋಲ್ಟು ಸರಿಯಾಗಿ ಬಿಗಿಯಬೇಕು. ಡಯಲ್ ಗೇಜಿನಿಂದ ಓಲಾಟವನ್ನೂ, ಮೈಕ್ರೋಮೀಟರಿನಿಂದ ಐದಾರು ಕಡೆ ದಪ್ಪವನ್ನೂ ಅಳೆಯಬೇಕು. ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾದರೆ ಬದಲಿಸುವುದೊಂದೇ ದಾರಿ. ಡ್ರಮ್ ಬ್ರೇಕಾದರೆ ಡ್ರಮ್ಮು ದುಂಡು ತಪ್ಪಿರುತ್ತದೆ. ಚಕ್ರದ ಕಡ್ಡಿಗಳನ್ನು ಏರುಪೇರಾಗಿ ಬಿಗಿದರೂ ಹಾಗಾಗುವುದುಂಟು. ಎ.ಬಿ.ಎಸ್. ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕು ಹಿಡಿದಾಗ ಮಾತ್ರ ಬರುವ ಮಿಡಿತ ದೋಷವಲ್ಲ. ಮೆಲ್ಲಗೆ ಹಿಡಿದಾಗಲೂ ಬಂದರೆ ತಪಾಸಣೆ ಮಾಡಿಸಲೇಬೇಕು.

ಇಷ್ಟು ತಿಳಿದೂ ನಮ್ಮ ಹುಡುಗರು ಗ್ಯಾರೇಜಿಗೆ ಹೋಗುವುದಿಲ್ಲ. ಹೋದರೆ ಅಂದಿನ ಪಗಾರವಿಲ್ಲ. "ಗಾಡಿ ನಿನ್ನದಲ್ಲವೇ?" ಎಂದು ಮಾಲಕರು ಕೇಳುತ್ತಾರೆ. ಹೌದು, ಗಾಡಿ ನಮ್ಮದು. ಆದರೆ ಆ ಬ್ರೇಕು ಸವೆಯುವುದು ಯಾರ ವ್ಯಾಪಾರಕ್ಕಾಗಿ? ಅಡುಗೆಮನೆಯ ಗ್ರೈಂಡರು ಕೆಟ್ಟರೆ ರುಬ್ಬುವವನ ಪಗಾರ ಮುರಿಯುತ್ತಾರೆಯೇ?

ಸಣ್ಣ ಹೋಟೆಲುಗಳ ಕಷ್ಟ ನಮಗೂ ಗೊತ್ತು. ಆದುದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ: ತಿಂಗಳಿಗೊಮ್ಮೆ ಪಗಾರ ಸಹಿತ ಅರ್ಧ ದಿನ ಗಾಡಿ ತಪಾಸಣೆಗೆ, ಬ್ರೇಕಿನ ಖರ್ಚಿನಲ್ಲಿ ಅರ್ಧ ಮಾಲಕರಿಂದ. ಸಂಘವೂ ಕೈಕಟ್ಟಿ ಕೂರದೆ, ಕಚೇರಿಯಲ್ಲಿ ಒಂದು ಡಯಲ್ ಗೇಜು ತಂದಿಡಲಿ.

ಬಂಧುಗಳೇ, ಲಿವರು ಮಿಡಿದರೆ ನಾಳೆ ನೋಡೋಣ ಎನ್ನಬೇಡಿ. ಊರಲ್ಲಿ ನಿಮ್ಮ ಮನಿಯಾರ್ಡರಿಗಿಂತ ನಿಮ್ಮ ದಾರಿ ಕಾಯುವವರಿದ್ದಾರೆ.