ಒಂದು ಗಂಟೆ ಅಂದ್ರೆ ಎಷ್ಟು ಗಂಟೆ?

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಭದ್ರಾವತಿಯವನು. ಶಿವಮೊಗ್ಗಕ್ಕೂ ನಮ್ಮೂರಿಗೂ ನಡುವಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಾಗಿನಿಂದ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: ‘ನಿಮಗೇನ್ರೀ, ಊರು ಒಂದೇ ಗಂಟೆ.’ ಈ ಒಂದು ಗಂಟೆಯ ಬಗ್ಗೆಯೇ ನನ್ನ ತಕರಾರು.

ಕೆಂಪೇಗೌಡ ನಿಲ್ದಾಣದಿಂದ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಈ ದಾರಿಯಲ್ಲಿ ಹಾರುವ ಎಟಿಆರ್ 72 ಗಂಟೆಗೆ 500 ಕಿ.ಮೀ. ಆಸುಪಾಸು ಹೋಗತ್ತೆ. ಭಾಗಿಸಿದರೆ ಅರ್ಧ ಗಂಟೆ! ಆದರೆ ರನ್‌ವೇವರೆಗೆ ತೆವಳಬೇಕು, ಸರದಿ ಕಾಯಬೇಕು, ಮೇಲೇರಬೇಕು, ಏರಿ ಸ್ವಲ್ಪ ಹೊತ್ತಿಗೇ ಇಳಿಯೋಕೆ ಶುರು ಮಾಡಬೇಕು. ಹಾಗಾಗಿ ವೇಳಾಪಟ್ಟಿಯಲ್ಲಿ ಒಂದು ಗಂಟೆ ಚಿಲ್ಲರೆ. ಇಲ್ಲೀವರೆಗೆ ಮೋಸ ಇಲ್ಲ.

ಮೋಸ ಇರೋದು ನೆಲದ ಮೇಲೆ. ಬನಶಂಕರಿಯಿಂದ ದೇವನಹಳ್ಳಿಗೆ, ಹೆಬ್ಬಾಳದ ಕೃಪೆ ಇದ್ದರೆ ಒಂದೂವರೆ ಗಂಟೆ, ಇಲ್ಲದಿದ್ದರೆ ಎರಡು. ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚತ್ತೆ, ಅಂದಮೇಲೆ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಸೋಗಾನೆಯಲ್ಲಿ ಇಳಿದು, ಬ್ಯಾಗಿಗೆ ಕಾದು, ಟ್ಯಾಕ್ಸಿಯವನ ಹತ್ತಿರ ಚೌಕಾಸಿ ಮಾಡಿ ಮನೆ ಮುಟ್ಟೋಕೆ ಇನ್ನೊಂದು ಮುಕ್ಕಾಲು ಗಂಟೆ. ಕೂಡಿ ನೋಡಿ, ಐದು ದಾಟಿತು. ಜನಶತಾಬ್ದಿ ರೈಲು ಭದ್ರಾವತಿಗೆ ನಾಲ್ಕೂವರೆ ಗಂಟೆ ಆಸುಪಾಸು. ಆ ಕಡೆ ಈ ಕಡೆ ಓಡಾಟಕ್ಕೆ ಒಂದು ಗಂಟೆ ಸೇರಿಸಿದರೂ ಹೆಚ್ಚುಕಡಿಮೆ ಅಷ್ಟೇ. ದುಡ್ಡಿನ ಮಾತು ಬೇಡ ಬಿಡಿ. ಬೀರೂರಿನಿಂದಾಚೆಯ ಒಂಟಿ ಹಳಿಯನ್ನು ಜೋಡಿ ಮಾಡಿದರೆ ರೈಲಿನ ಹೊತ್ತು ಇನ್ನೂ ಇಳಿದೀತು. ಆ ಬಗ್ಗೆ ಬ್ಯಾನರ್ ಕಟ್ಟಿದವರನ್ನು ನಾನು ಕಂಡಿಲ್ಲ.

‘ಹಾಗಾದ್ರೆ ವಿಮಾನ ನಿಲ್ದಾಣ ಬೇಡ್ವಾ?’ ಬೇಕು ಮಾರಾಯ್ರೆ, ಬೇಕೇ ಬೇಕು. ಆದರೆ ನೆಲದ ಮೇಲೆ ಕಳೆಯುವ ಆ ನಾಲ್ಕು ಗಂಟೆ 240 ಕಿ.ಮೀ. ಹಾರಿದರೂ ಅಷ್ಟೇ, 1,650 ಕಿ.ಮೀ. ದೂರದ ದೆಹಲಿಗೆ ಹಾರಿದರೂ ಅಷ್ಟೇ. ದೂರ ಹೆಚ್ಚಿದಷ್ಟೂ ವಿಮಾನ ಲಾಭ, ಕಮ್ಮಿಯಾದಷ್ಟೂ ಬರೀ ಶೋಕಿ. ಸುಮಾರು 450 ಕೋಟಿ ಸುರಿದು, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಈ ನಿಲ್ದಾಣದ ರನ್‌ವೇ 3,200 ಮೀಟರ್. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇಷ್ಟುದ್ದದ್ದು ಇನ್ನೊಂದಿಲ್ಲ. ಏರ್‌ಬಸ್ ಇಳಿಯಲಿ ಅಂತ ಹಾಸಿದ ಹಾದಿಯಲ್ಲಿ ಎಟಿಆರ್ ಇಳಿಸಿ ಚಪ್ಪಾಳೆ ತಟ್ಟಿದ್ದೇವೆ.

ಉದ್ಘಾಟನೆಗೆ ಒಂದು ತಿಂಗಳ ಮುಂಚೆ ನಮ್ಮೂರಿನ ವಿಐಎಸ್‌ಎಲ್ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಧರಣಿ ಕೂತಿದ್ದರು. ಎಂಪಿಎಂನಲ್ಲಿ 2015ರಲ್ಲೇ ಕಾಗದ ನಿಂತಿತ್ತು. ಆ ಮನೆಗಳ ಮಕ್ಕಳು ಬೆಂಗಳೂರಿಗಷ್ಟೇ ಬರಲಿಲ್ಲ. ಪುಣೆ, ಮುಂಬೈ, ಗುರುಗ್ರಾಮ, ದುಬೈ ಅಂತ ಚದುರಿದರು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೀವಿ ಅಂತ ಫೋನ್ ಬಂದಾಗ ಅವರಿಗೆ ಬೇಕಾದದ್ದು ಊರಿಗೆ ನೇರ ವಿಮಾನ. ಮುಂಬೈಯಿಂದ ಸೋಗಾನೆ ನೇರ ಗೆರೆಯಲ್ಲಿ ಬರೀ 650 ಕಿ.ಮೀ. ಕಣ್ರೀ. ನಮ್ಮ ಸಂಸದರೂ ಶಾಸಕರೂ ಕೇಳಬೇಕಾದದ್ದು ಆ ದಾರಿಗಳನ್ನು, ದಿನಾ ತಪ್ಪದೆ ಹಾರುವ ಹಾಗೆ. ಬೆಂಗಳೂರಿಗೆ ನನಗೆ ರೈಲು ಸಾಕು.