ಚಳಿ ಕಳೆದ ಮೇಲೆ ಬಿಳುಪಿನ ಹುಚ್ಚು

ನಮ್ಮ ತ್ರೈಮಾಸಿಕದ ಸಂಕ್ರಾಂತಿ ಸಂಚಿಕೆಯಲ್ಲಿ ಚಳಿಗಾಲದ ನಂತರದ ಮುಖಕಾಂತಿಯನ್ನು ಕುರಿತು ಲೇಖನವೊಂದು ಪ್ರಕಟವಾಗಿದೆ. ಲೇಖಕಿ ನನಗೆ ಪರಿಚಿತರು. ಅವರ ಸದುದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ದೆಹಲಿಯ ಚಳಿಯಲ್ಲಿ 'ಕಪ್ಪಾಗಿ ಕಳೆಗುಂದಿದ' ಮುಖವನ್ನು ಯುಗಾದಿಯ ಹೊತ್ತಿಗೆ ಬೆಳಗಿಸಲು ಅವರು ಸೂಚಿಸಿರುವ ಬ್ಲೀಚು, ನಿಂಬೆರಸ ಹಾಗೂ ಔಷಧದ ಅಂಗಡಿಯಲ್ಲಿ 'ಕೇಳಿದರೆ ಕೊಡುವ' ಕ್ರೀಮುಗಳ ವಿಚಾರ ಓದಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಸ್ತ್ರೀಯರ ಪುಟದ ವಿಷಯಕ್ಕೆ ಇಷ್ಟೇಕೆ ವಾದ ಎಂದು ಹಿರಿಯ ಸದಸ್ಯರೊಬ್ಬರು ನಕ್ಕರು. ನದೀಜಲ, ಗಡಿ, ಆಡಳಿತಭಾಷೆಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು, ನಮ್ಮ ಮನೆಯ ಹೆಣ್ಣುಮಕ್ಕಳ ಮುಖಕ್ಕೆ ಏನನ್ನು ಬಳಿಯುತ್ತಿದ್ದೇವೆ ಎಂಬುದನ್ನು ಒಂದು ಪುಟದಷ್ಟಾದರೂ ಚರ್ಚಿಸಬಾರದೇ?

ಮೊದಲನೆಯದಾಗಿ, ಇಲ್ಲಿ ರೋಗನಿದಾನವೇ ತಪ್ಪಾಗಿದೆ. ಚಳಿ ಚರ್ಮವನ್ನು ಕಪ್ಪಾಗಿಸುವುದಿಲ್ಲ, ಒಣಗಿಸುತ್ತದೆ. ಮೈಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದಿಂದ ಬರುವಂಥದ್ದು. ಬಿಸಿಲು ಹೆಚ್ಚಿದಾಗ ಅದು ಹೆಚ್ಚುತ್ತದೆ. ಮಂಜು-ಹೊಗೆಗಳ ನಡುವೆ ಸೂರ್ಯದರ್ಶನವೇ ದುರ್ಲಭವಾದ ಪುಷ್ಯ-ಮಾಘಗಳಲ್ಲಿ ಬಣ್ಣ ತುಸು ತಿಳಿಯಾದೀತೇ ಹೊರತು ಗಾಢವಾಗಲು ಕಾರಣವಿಲ್ಲ. ನಡೆಯುವುದು ಬೇರೆಯೇ. ಕೋಣೆಯ ಹೀಟರು ಗಾಳಿಯನ್ನು ಒಣಗಿಸುತ್ತದೆ. ಗೀಜರಿನ ಸುಡುನೀರು ಮತ್ತು ಸೋಪು ಸೇರಿ ಚರ್ಮದ ಸಹಜವಾದ ಜಿಡ್ಡನ್ನು ತೊಳೆದುಹಾಕುತ್ತವೆ. ಮೇಲ್ಪದರದ ಸತ್ತ ಕೋಶಗಳು ಸರಾಗವಾಗಿ ಉದುರದೆ ಹೊಟ್ಟಿನಂತೆ ಅಂಟಿಕೊಂಡು, ಬಿದ್ದ ಬೆಳಕನ್ನು ಚೆದುರಿಸುತ್ತವೆ. ನಮ್ಮಂಥವರ ಕಂದು ಮೈಮೇಲೆ ಇದು ಬೂದಿ ಬಳಿದಂತೆ ಎದ್ದು ಕಾಣುತ್ತದೆ. ನನ್ನ ತಾಯಿ ಇದಕ್ಕೆ 'ಮೈ ಒಡೆದಿದೆ' ಎನ್ನುತ್ತಿದ್ದರು, 'ಕಪ್ಪಾಗಿದೆ' ಎಂದವರಲ್ಲ. ಬಾಯಾರಿದವರಿಗೆ ನೀರು ಕೊಡುವುದನ್ನು ಬಿಟ್ಟು ಮೈಗೆ ಸುಣ್ಣ ಬಳಿಯುವ ಚಿಕಿತ್ಸೆಯನ್ನು ನಾವೀಗ ಒಪ್ಪಿಕೊಂಡಿದ್ದೇವೆ.

ಆ ಸುಣ್ಣವಾದರೂ ಎಂಥದ್ದು? ಬ್ಲೀಚಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡು ಮುಖ್ಯವಾಗಿ ಮುಖದ ಮೇಲಿನ ನವಿರು ಕೂದಲಿನ ಬಣ್ಣ ತೆಗೆಯುತ್ತದೆ. ಕೂದಲು ಹೊಂಬಣ್ಣವಾದದ್ದನ್ನು ನೋಡಿ ಚರ್ಮವೇ ಬೆಳ್ಳಗಾಯಿತೆಂದು ನಾವು ಭ್ರಮಿಸುತ್ತೇವೆ, ಒಡೆದ ಚರ್ಮ ಮಾತ್ರ ಉರಿಯುತ್ತಿರುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದವರಿಗೆ ಸುಟ್ಟಂಥ ಗಾಯವಾಗಿ ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆ ಉಳಿಯಬಹುದು. ಕ್ರೀಮಿನ ಕಥೆ ಇನ್ನೂ ಘೋರ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡು ಬೆರೆತ ಮುಲಾಮು ವಸ್ತುತಃ ಬಂಗಿನ ಚಿಕಿತ್ಸೆಗೆಂದು ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ ಔಷಧ. ಅದನ್ನೇ ದಿನನಿತ್ಯದ ಪ್ರಸಾಧನದಂತೆ ಬಳಸಿದವರ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ-ಕೂದಲು ಹೆಚ್ಚುತ್ತವೆ. ಬಿಟ್ಟರೆ ಮುಖ ಕೆಂಡವಾಗುವುದರಿಂದ ಬಿಡಲೂ ಆಗದು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಂಥ 14 ಸ್ಟೀರಾಯ್ಡು ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 'ಎಚ್' ಪಟ್ಟಿಗೆ ಸೇರಿಸಿತು. ಸರ್ಕಾರದೊಳಗೇ ಇರುವ ನಾನು ಹೇಳುವುದು ಉಚಿತವೋ ಅಲ್ಲವೋ ತಿಳಿಯದು: ಅಧಿಸೂಚನೆ ರಾಜಪತ್ರದಲ್ಲಿದೆ, ಮುಲಾಮು ನಮ್ಮ ಬೀದಿಯ ಅಂಗಡಿಯ ಗಲ್ಲಾದ ಪಕ್ಕದಲ್ಲಿದೆ. ಪಾದರಸ ಬೆರೆಸಿದ ಹೆಸರಿಲ್ಲದ ಡಬ್ಬಿಗಳೂ ಉಂಟು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಬಿಳುಪಿನ ಕ್ರೀಮು ಹಚ್ಚಿಕೊಂಡವರು ಮೂತ್ರಪಿಂಡದ ರೋಗಕ್ಕೆ ತುತ್ತಾದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು.

ಇನ್ನು ನನ್ನ ಮನೆಯ ಸಂಗತಿ. ನನ್ನ ತಂಗಿಯ ಮಗಳು ಹಾಸನದಿಂದ ಇಲ್ಲಿಗೆ ಕೆಲಸಕ್ಕೆ ಬಂದು ನಮ್ಮೊಡನೆಯೇ ಇದ್ದಾಳೆ. ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ ಸಂಘದ ಅರಿಶಿನ-ಕುಂಕುಮಕ್ಕೆ ಅವಳನ್ನು ಕರೆದೊಯ್ದಿದ್ದೆ. ಕಂಡವರೆಲ್ಲ ಅವಳ ಗಲ್ಲ ಹಿಡಿದು, "ದೆಹಲಿ ನೀರು ಹಿಡಿದಿದೆ ಕಣಮ್ಮ, ಎಷ್ಟು ಬೆಳ್ಳಗಾಗಿದ್ದೀಯ!" ಎಂದರು. ನಾನೂ ಬೀಗಿದೆ, ಸುಳ್ಳು ಹೇಳಲಾರೆ. ಮುಂದಿನ ವಾರ ಅವಳು ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ಕಣ್ಣುಕತ್ತಲೆ ಬಂದು ಕುಸಿದಳು. ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.6, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೇ ರಕ್ತಹೀನತೆ ಎನ್ನುತ್ತಾರೆ. ನಾವು ಹೊಗಳಿದ ಬಿಳುಪು ರಕ್ತವಿಲ್ಲದ ಬಿಳಿಚುವಿಕೆಯಾಗಿತ್ತು. ನಾಲ್ಕು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿ, ಹೊತ್ತಿಗೆ ಸರಿಯಾಗಿ ಉಂಡು, ಅವಳ ತುಟಿಗೆ ಕೆಂಪೂ ಮುಖಕ್ಕೆ ಅವಳದೇ ಆದ ಎಣ್ಣೆಗಪ್ಪೂ ಮರಳಿ ಬಂದವು. ಗಣೇಶೋತ್ಸವದಲ್ಲಿ ಅದೇ ಮಹಿಳೆಯರು, "ಯಾಕಮ್ಮ, ಬಿಸಿಲಲ್ಲಿ ಅಲೆದು ಕಪ್ಪಾಗಿಬಿಟ್ಟೆಯಲ್ಲ!" ಎಂದು ಮರುಗಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇವರಲ್ಲಿ ಎಷ್ಟು ಮಂದಿಯನ್ನು ನಾವು 'ಬೆಳ್ಳಗಿದ್ದಾಳೆ' ಎಂದು ಹೊಗಳಿ ಮನೆಗೆ ಕಳಿಸಿದ್ದೇವೋ!

ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ವಿವೇಕಿ. 'ಮುಖದಲ್ಲಿ ಕಳೆಯಿದೆ', 'ಲಕ್ಷಣವಾಗಿದ್ದಾಳೆ' ಎಂಬ ಮಾತುಗಳಲ್ಲಿ ಬಣ್ಣದ ಸುಳಿವೇ ಇಲ್ಲ. ಹಾಗೆಂದು ಎದೆಯುಬ್ಬಿಸಬೇಕಾಗಿಯೂ ಇಲ್ಲ. 'ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎಂದವರೂ ನಾವೇ. ಆ 'ಆದರೂ' ಹಿಂದಿಯವರಿಂದ ಬಂದದ್ದಲ್ಲ, ಮುಂಬಯಿಯ ಜಾಹೀರಾತುದಾರರಿಂದ ಬಂದದ್ದೂ ಅಲ್ಲ. ಅವರು ಅದನ್ನು ಬಂಡವಾಳ ಮಾಡಿಕೊಂಡರು, ಅಷ್ಟೆ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 45 ವರ್ಷ ಆ ಹೆಸರಿನಲ್ಲೇ ಮಾರಾಟವಾಗಿ, 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ಚರ್ಚೆ ಎದ್ದಾಗ 'ಗ್ಲೋ ಅಂಡ್ ಲವ್ಲಿ' ಆಯಿತು. ಬಿಳುಪಿನ ಜಾಗದಲ್ಲಿ ಕಾಂತಿ ಬಂದು ಕುಳಿತಿತು. ನಮ್ಮ ಲೇಖಕಿಯ ಶೀರ್ಷಿಕೆಯಲ್ಲಿ ಕಾಂತಿ, ಒಳಗೆಲ್ಲ ಬಿಳುಪು ಇರುವುದೂ ಇದೇ ಜಾಣತನದ ಅರಿಯದ ಅನುಕರಣೆ.

ಹಾಗಾದರೆ ಫೆಬ್ರವರಿಯ ಒಡೆದ ಮುಖಕ್ಕೆ ಮಾಡುವುದೇನು? ಅಗ್ಗದ ಕೆಲಸ. ಸುಡುನೀರಿನ ಬದಲು ಉಗುರುಬೆಚ್ಚನೆಯ ನೀರು, ಅದೂ ಹತ್ತು ನಿಮಿಷ ಮೀರದಂತೆ, ಸೋಪು ಮಿತವಾಗಿ, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿಕೊಳ್ಳುವುದು, ಮೊಡವೆಯ ಮುಖಕ್ಕಾದರೆ ಎಣ್ಣೆ ಬೇಡ, ಜಿಡ್ಡಿಲ್ಲದ ಲೇಪನ ಸಾಕು. ಮಧ್ಯಾಹ್ನದ ವಿರಾಮದಲ್ಲಿ ನನ್ನ ಕಚೇರಿಯ ಹುಲ್ಲುಹಾಸಿನ ಮೇಲೆ ಪಂಜಾಬಿ ಸಹೋದ್ಯೋಗಿಗಳು ಕಡಲೆಕಾಯಿ ಸುಲಿಯುತ್ತ ಬಿಸಿಲು ಕಾಯಿಸುತ್ತಾರೆ. ಕಪ್ಪಾಗುವ ಭಯದಿಂದ ನಮ್ಮವರು ಒಳಗೇ ಕೂತು, ಆಮೇಲೆ ಡಿ ಜೀವಸತ್ವದ ಕೊರತೆಗೆ ಮಾತ್ರೆ ನುಂಗುತ್ತಾರೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯಾಗಲಿ. ನಿಂಬೆಹಣ್ಣನ್ನು ಮುಖಕ್ಕೆ ಉಜ್ಜದೆ ನುಗ್ಗೆಸೊಪ್ಪಿನ ಪಲ್ಯಕ್ಕೆ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಉಂಡ ತಕ್ಷಣ ಚಹಾ ಕುಡಿದರೆ ಹತ್ತುವುದೂ ತಪ್ಪುತ್ತದೆ.

ಕೊನೆಗೆ ಸಂಪಾದಕ ಮಂಡಲಿಗೆ ಒಂದು ವಿನಂತಿ. ನಮ್ಮ ಪತ್ರಿಕೆಯ ವಧೂವರರ ಪುಟದಲ್ಲಿ ಗೋತ್ರ, ಎತ್ತರ, ಸಂಬಳಗಳ ಜತೆಗೆ ಇಂದಿಗೂ 'ಬಣ್ಣ' ಎಂಬ ಅಂಕಣವಿದೆ. ವ್ಯಾಪಾರಕ್ಕೆಂದೇ ಹುಟ್ಟಿದ ಶಾದಿ ಡಾಟ್ ಕಾಮ್ ಕೂಡ 2020ರಲ್ಲಿ ಬಣ್ಣದ ಆಯ್ಕೆಯನ್ನು ತೆಗೆದುಹಾಕಿತು. ಮುಂದಿನ ಸಂಚಿಕೆಯಿಂದ ಈ ಅಂಕಣವನ್ನು ಕೈಬಿಡಬೇಕು. ತಂಗಿಯ ಮಗಳ ವಿವರ ಕಳುಹಿಸುವಾಗ ಆ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಅಚ್ಚಿನಲ್ಲಿ 'ಗೋಧಿ ವರ್ಣ' ಎಂದು ಬಂದಿದೆ. "ದೊಡ್ಡಮ್ಮ, ನಾವು ರಾಗಿ ತಿನ್ನೋರು, ಗೋಧಿ ಬಣ್ಣ ಎಲ್ಲಿಂದ ಬಂತು?" ಎಂದು ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಆ ಎರಡು ಪದಗಳನ್ನು ಯಾರು, ಯಾರ ಅನುಮತಿಯಿಂದ ಸೇರಿಸಿದರೆಂದು ತಿಳಿಸಬೇಕಾಗಿ ಕೋರುತ್ತೇನೆ.